ಪಾಲಮೂರಿನ ಗಡಿಯಲ್ಲಿ ಒಂದು ಸಭೆ ಬೆಳೆದ ಬಗೆ

1956ನೇ ಇಸವಿಯ ರಾಜ್ಯ ಪುನರ್ವಿಂಗಡಣೆ ಕಾಯಿದೆಯನ್ನು ಕಾಸರಗೋಡಿನ ಕನ್ನಡಿಗರಾದ ನಾವು ನಮ್ಮದೇ ನೋವಿನೊಂದಿಗೆ ನೆನೆಯುತ್ತೇವೆ. ಆ ವರ್ಷ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಹೊಸ ಕೇರಳ ರಾಜ್ಯಕ್ಕೆ ಸೇರಿತು. ಅದೇ ಕಾಯಿದೆಯ ಇನ್ನೊಂದು ಕಲಮಿನಲ್ಲಿ ಬೇರೊಂದು ಗಡಿಯ ಊರುಗಳ ಹೆಸರುಗಳಿವೆ. ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ, ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳು ಅದೇ ದಿನ ಆಂಧ್ರಪ್ರದೇಶಕ್ಕೆ ಹೋದವು. ಅವುಗಳ ನೆರೆಯ ಮಕ್ತಲ್ ಮತ್ತು ನಾರಾಯಣಪೇಟೆ ಮೊದಲಿನಿಂದಲೂ ನಿಜಾಮರ ಮಹಬೂಬನಗರ ಜಿಲ್ಲೆಯವು. ಆ ಜಿಲ್ಲೆಯ ಹಳೆಯ ಹೆಸರು ಪಾಲಮೂರು. ಈಗ ಇವೆಲ್ಲ ತೆಲಂಗಾಣ ರಾಜ್ಯದಲ್ಲಿವೆ. 2016ರಲ್ಲಿ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಬೇರೆ ಬೇರೆ ಜಿಲ್ಲೆಗಳಾದವು.

ನಮ್ಮ ಮನೆಗಳಲ್ಲಿ ಗದ್ವಾಲ ಮತ್ತು ನಾರಾಯಣಪೇಟೆ ಎಂದರೆ ಸೀರೆಯ ಹೆಸರು. ಊರಾಗಿ ಅವನ್ನು ಬಲ್ಲವರು ಕಡಿಮೆ. ಕೃಷ್ಣಾ ನದಿ ರಾಯಚೂರಿನ ಕಡೆಯಿಂದ ಬಂದು ತೆಲಂಗಾಣಕ್ಕೆ ಕಾಲಿಡುವುದು ಮಕ್ತಲ್ ಸೀಮೆಯಲ್ಲಿ. ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಿನ ಗದ್ವಾಲದ ನೆಲವನ್ನು ಅಲ್ಲಿಯವರು ನಡಿಗಡ್ಡ ಎನ್ನುತ್ತಾರೆ. ಎರಡು ಮಹಾನದಿಗಳು ಮಗ್ಗುಲಲ್ಲೇ ಹರಿದರೂ ಇದು ಬರಪೀಡಿತ ಸೀಮೆ. ಊಟಕ್ಕೆ ಅಕ್ಕಿಗಿಂತ ಜೋಳವೇ ಹೆಚ್ಚು. ದುಡಿಮೆ ಹುಡುಕಿ ಊರು ಬಿಟ್ಟು ಹೋಗಿ, ದೇಶದ ಎಲ್ಲೆಲ್ಲೋ ಅಣೆಕಟ್ಟು, ರಸ್ತೆ ಕಟ್ಟುವ ಪಾಲಮೂರು ಕೂಲಿಗಳ ಕತೆ ಬಹಳ ಹಳೆಯದು. ನಾರಾಯಣಪೇಟೆಯ ಪೇಟೆಬೀದಿಯಲ್ಲಿ ತೆಲುಗು, ಕನ್ನಡ, ಮರಾಠಿ, ಉರ್ದು ನಾಲ್ಕೂ ಕೇಳಿಬರುತ್ತವೆ. ಮನೆಯಲ್ಲಿ ಒಂದು ಭಾಷೆ, ಕಚೇರಿಯಲ್ಲಿ ಇನ್ನೊಂದು ಎಂಬ ಸ್ಥಿತಿಯನ್ನು ಅಲ್ಲಿಯವರಿಗೆ ನಾವು ವಿವರಿಸಿ ಹೇಳಬೇಕಾಗಿಲ್ಲ.

ಇಂತಹ ಸೀಮೆಯಲ್ಲಿ ಕಳೆದ ನೂರು, ನೂರೈವತ್ತು ವರ್ಷಗಳಲ್ಲಿ ಒಂದು ಹೊಸ ಸಮುದಾಯ ಹುಟ್ಟಿ ಬೆಳೆಯಿತು. ಅದು ಪ್ರೊಟೆಸ್ಟಂಟ್ ಕ್ರೈಸ್ತರ ಸಭೆ. ಸಭೆ ಎಂಬ ಮಾತನ್ನು ಇಲ್ಲಿ ಆ ಸಮುದಾಯದವರು ಬಳಸುವ ಅರ್ಥದಲ್ಲಿಯೇ, ಅಂದರೆ ಆರಾಧನೆಗೆ ಕೂಡುವ ಜನ ಎಂಬ ಅರ್ಥದಲ್ಲಿ ಬಳಸುತ್ತಿದ್ದೇನೆ. ಈ ಲೇಖನದ ಉದ್ದೇಶ ಮತಪ್ರಚಾರವೂ ಅಲ್ಲ, ಖಂಡನೆಯೂ ಅಲ್ಲ. ಊರಿನ ಅಂಚಿನ ಕೇರಿಯಲ್ಲಿದ್ದ, ಭೂಮಿಯಿಲ್ಲದ, ಅಕ್ಷರವಿಲ್ಲದ ಜನ ಒಂದು ಸಮುದಾಯವಾಗಿ ನಿಂತದ್ದು ಯಾವ ಬಲದಿಂದ ಎಂಬುದನ್ನು ನೋಡುವುದಷ್ಟೇ. ಗಡಿಯ ಅಲ್ಪಸಂಖ್ಯಾತರಾದ ನಮಗೂ ಆ ಪ್ರಶ್ನೆಯಲ್ಲಿ ಪಾಲಿದೆ.

ಬರದ ವರ್ಷ ಮತ್ತು ಅದರ ನಂತರ

ತೆಲುಗು ಸೀಮೆಯ ಬ್ಯಾಪ್ಟಿಸ್ಟ್ ಸಭೆಗಳ ಕತೆ ಆರಂಭವಾಗುವುದು ಪಾಲಮೂರಿನಲ್ಲಲ್ಲ, ಪೂರ್ವ ಕರಾವಳಿಯ ನೆಲ್ಲೂರಿನಲ್ಲಿ. ಅಮೆರಿಕದ ಬ್ಯಾಪ್ಟಿಸ್ಟ್ ಮಿಶನರಿಗಳು ಅಲ್ಲಿ ಹಲವು ದಶಕ ಪ್ರಸಂಗ ಮಾಡಿದರೂ ಸಭೆಗೆ ಸೇರಿದವರು ಬೆರಳೆಣಿಕೆಯಷ್ಟು. ಮಿಶನನ್ನೇ ಮುಚ್ಚಿಬಿಡೋಣವೇ ಎಂಬ ಚರ್ಚೆ ಅಮೆರಿಕದಲ್ಲಿ ಮತ್ತೆ ಮತ್ತೆ ನಡೆದಿತ್ತು. ಪರಿಸ್ಥಿತಿ ಬದಲಾದುದು 1866ರಲ್ಲಿ, ಒಂಗೋಲು ಸೀಮೆಯ ಎರ್ರಗುಂಟ್ಲ ಪೇರಯ್ಯ ಎಂಬ ಮಾದಿಗ ಸಮುದಾಯದ ಹಿರಿಯರು ದೀಕ್ಷಾಸ್ನಾನ ಪಡೆದಾಗ. ಪೇರಯ್ಯನವರು ತೊಗಲಿನ ವ್ಯಾಪಾರಿ. ಅದಕ್ಕೂ ಮೊದಲು ಯೋಗಸಾಧನೆಯ ದಾರಿಯಲ್ಲಿ ನಡೆದು, ತಮ್ಮವರ ನಡುವೆ ಗುರುವೆನಿಸಿಕೊಂಡವರು. ಅವರು ಮತ್ತು ಅವರ ಪತ್ನಿ ನಾಗಮ್ಮನವರು ವ್ಯಾಪಾರದ ದಾರಿಯಲ್ಲಿ, ನೆಂಟರ ಮನೆಗಳಲ್ಲಿ, ಕೇರಿಯಿಂದ ಕೇರಿಗೆ ಹೊಸ ಮಾತನ್ನು ಒಯ್ದರು. ಬಿಳಿಯ ಪಾದ್ರಿ ಕಾಲಿಡುವ ಮೊದಲೇ ಹಲವು ಹಳ್ಳಿಗಳಲ್ಲಿ ಕೇಳುಗರು ಸಿದ್ಧರಿದ್ದರು. ಚಪ್ಪಲಿ ಹೊಲಿಯುವವರ ನಂಟಸ್ತಿಕೆಯ ಜಾಲವೇ ಮುಂದೆ ಸಭೆಯ ಜಾಲವಾಯಿತು.

ಅನಂತರ ಬಂದುದು 1876–78ರ ಮಹಾಕ್ಷಾಮ. ನಮ್ಮ ಹಿರಿಯರು ಧಾತು ವರ್ಷದ ಬರ ಎಂದು ಕರೆದುದು ಇದನ್ನೇ. ಒಂಗೋಲಿನ ಮಿಶನರಿ ಜಾನ್ ಕ್ಲಫ್ ಬಕಿಂಗ್‌ಹ್ಯಾಮ್ ಕಾಲುವೆಯ ಕೆಲವು ಮೈಲಿಗಳ ಅಗೆತದ ಗುತ್ತಿಗೆ ಹಿಡಿದು ಹಸಿದವರಿಗೆ ಕೂಲಿ ಕೊಡಿಸಿದರು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪರಿಹಾರ ಕೆಲಸ ನಡೆಯುತ್ತಿದ್ದಷ್ಟು ಕಾಲವೂ ಅವರು ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಗಂಜಿಗಾಗಿ ಮತ ಬದಲಿಸಿದರು ಎಂಬ ಮಾತು ಬರುವುದೆಂದು ಅವರಿಗೆ ಗೊತ್ತಿತ್ತು. ಪರಿಹಾರ ನಿಂತ ಮೇಲೆ, 1878ರ ಜುಲೈ 3ರಂದು ಒಂದೇ ದಿನ 2,222 ಮಂದಿ ಗುಂಡ್ಲಕಮ್ಮ ನದಿಯಲ್ಲಿ ದೀಕ್ಷಾಸ್ನಾನ ಪಡೆದರು. ಈ ಸಂಖ್ಯೆ ಮಿಶನ್ ಇತಿಹಾಸದಲ್ಲಿ ಬಹಳ ಪ್ರಸಿದ್ಧ. ಆದರೆ ನದಿಯಿಂದ ಎದ್ದುಬಂದ ಇಷ್ಟು ಜನ ಮರುದಿನ ತಮ್ಮ ತಮ್ಮ ಕೇರಿಗೆ ಮರಳಿದಾಗ ಅವರನ್ನು ಒಂದು ಸಭೆಯಾಗಿ ಹಿಡಿದಿಡುವವರು ಯಾರು? ನಿಜವಾದ ಕೆಲಸ ಆರಂಭವಾದುದು ಆ ಮರುದಿನದಿಂದ.

ಈ ಚಳವಳಿಯ ಒಂದು ಕವಲು ನಿಜಾಮರ ರಾಜ್ಯಕ್ಕೆ ಬಂತು. 1875ರಲ್ಲಿ ಸಿಕಂದರಾಬಾದಿನಲ್ಲಿ ಬ್ಯಾಪ್ಟಿಸ್ಟರ ನೆಲೆಯಾಯಿತು. 1885ರಲ್ಲಿ ಎಲ್ಬರ್ಟ್ ಚೂಟ್ ಪಾಲಮೂರಿನಲ್ಲಿ ನೆಲೆ ಹೂಡಿದರು. ಮುಂದೆ ಗದ್ವಾಲದಲ್ಲೂ ಅವರ ಮಿಶನಿನ ನೆಲೆಯಾಯಿತು. ಇದೇ ಹೊತ್ತಿಗೆ ರಷ್ಯಾದಿಂದ ಬೇರೊಂದು ಪಂಗಡದವರು ಬಂದರು. ಅವರು ಮೆನೊನೈಟ್ ಬ್ರದರನ್ ಎಂಬ, ಜರ್ಮನ್ ಮಾತಾಡುವ ಒಕ್ಕಲಿಗ ಸಮುದಾಯದವರು. ಯುದ್ಧದಲ್ಲಿ ಆಯುಧ ಹಿಡಿಯುವುದಿಲ್ಲವೆಂಬ ವ್ರತದವರು, ಆ ಕಾರಣಕ್ಕಾಗಿಯೇ ದೇಶದಿಂದ ದೇಶಕ್ಕೆ ಅಲೆದವರು. ಅವರಲ್ಲಿ ಅಬ್ರಹಾಂ ಫ್ರೀಸೆನ್ 1889ರಲ್ಲಿ ಬಂದು ನಲ್ಗೊಂಡದಲ್ಲಿ ಕೆಲಸ ಹಿಡಿದರು. ಅದೇ ಪಂಗಡದ ಅಮೆರಿಕದ ಶಾಖೆಯವರು 1899ರಲ್ಲಿ ಹೈದರಾಬಾದಿಗೆ ಬಂದು, 1906ರಲ್ಲಿ ಪಾಲಮೂರು ಜಿಲ್ಲೆಯ ನಾಗರಕರ್ನೂಲಿನಲ್ಲಿ ನೆಲೆಯೂರಿದರು. 1937ರಲ್ಲಿ ಮಹಬೂಬನಗರ ಮತ್ತು ಗದ್ವಾಲದ ಬ್ಯಾಪ್ಟಿಸ್ಟ್ ಕ್ಷೇತ್ರಗಳು ಇವರ ಕೈಗೆ ಬಂದವು. ಮಕ್ತಲ್, ನಾರಾಯಣಪೇಟೆಗಳೂ ಕ್ರಮೇಣ ಇವರ ಕ್ಷೇತ್ರಗಳಾದವು. ತಮ್ಮ ಊರಿನಲ್ಲೇ ಪರಕೀಯರಂತೆ ಬಾಳಿದ ಒಂದು ಅಲ್ಪಸಂಖ್ಯಾತ ಪಂಗಡ, ಅದೇ ಸ್ಥಿತಿಯ ಇನ್ನೊಂದು ಜನರ ಕೇರಿಗೆ ಬಂದು ಸೇರಿತು.

ಸಣ್ಣ ಕೆಲಸಗಳು

ಹಳ್ಳಿಯ ಕೇರಿಯಲ್ಲಿ ಸಭೆಯನ್ನು ಕಟ್ಟಿದವರು ಯಾರು ಎಂದು ಕೇಳಿದರೆ ಮೊದಲು ಹೇಳಬೇಕಾದುದು ಬೋಧಕ ಉಪಾಧ್ಯಾಯರ ಹೆಸರು. ಮಿಶನರಿ ಸಾಹೇಬರು ಬರುತ್ತಿದ್ದುದು ಚಳಿಗಾಲದ ಪ್ರವಾಸದಲ್ಲಿ, ಎತ್ತಿನ ಗಾಡಿ ಮತ್ತು ಡೇರೆಗಳೊಂದಿಗೆ. ಮಾವಿನ ತೋಪಿನಲ್ಲಿ ಕೆಲವು ದಿನ ಇದ್ದು ಮುಂದಿನ ಊರಿಗೆ ಹೋಗುವರು. ವರ್ಷದ ಉಳಿದ ದಿನಗಳಲ್ಲಿ ಕೇರಿಯಲ್ಲೇ ಇದ್ದವರು ಈ ಉಪಾಧ್ಯಾಯರು ಮತ್ತು ಅವರ ಹೆಂಡತಿ. ಸಂಬಳ ತಿಂಗಳಿಗೆ ಕೆಲವೇ ರೂಪಾಯಿ. ಅವರೂ ಬಹುಮಟ್ಟಿಗೆ ಅದೇ ಮಾದಿಗ, ಮಾಲ ಸಮುದಾಯಗಳಿಂದ ಬಂದವರು, ಮಿಶನ್ ಶಾಲೆಯಲ್ಲಿ ನಾಲ್ಕಕ್ಷರ ಕಲಿತವರು.

ಕೇರಿಯ ಮಕ್ಕಳು ಹಗಲು ದನ ಕಾಯುವರು ಅಥವಾ ದೊಡ್ಡವರೊಂದಿಗೆ ಕೂಲಿಗೆ ಹೋಗುವರು. ಆದುದರಿಂದ ಅನೇಕ ಕಡೆ ಶಾಲೆ ನಡೆಯುತ್ತಿದ್ದುದು ರಾತ್ರಿ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ. ಹಲಗೆ, ಬಳಪ ಇಲ್ಲದಿದ್ದರೆ ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು. ನಿಜಾಮರ ರಾಜ್ಯದಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದುವೇ. ಇಂಥಲ್ಲಿ ಮಾದಿಗರ ಕೇರಿಯ ಹುಡುಗನೊಬ್ಬ ತನ್ನ ಮಾತನ್ನು ತಾನೇ ಓದಬಲ್ಲವನಾದುದು ಸಾಮಾನ್ಯ ಸಂಗತಿಯಲ್ಲ.

ಓದು ಬಲ್ಲವನೊಬ್ಬ ಕೇರಿಯಲ್ಲಿ ಇದ್ದಾನೆಂದರೆ ಅದರ ಪರಿಣಾಮ ಶಾಲೆಗೆ ಮಾತ್ರ ಸೀಮಿತವಾಗಿ ಉಳಿಯುವುದಿಲ್ಲ. ದೊರೆಯ ಮನೆಯ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಅದರಲ್ಲಿ ಏನು ಬರೆದಿದೆಯೆಂದು ಓದಿ ಹೇಳುವವನು ಬಂದಂತಾಯಿತು. ತೆಲಂಗಾಣದಲ್ಲಿ ಭಾಗೇಲಾ ಎಂಬ ಹೆಸರಿನ ಜೀತಪದ್ಧತಿ ಇತ್ತು. ಸಣ್ಣ ಸಾಲವೊಂದಕ್ಕೆ ತಂದೆ ದುಡಿದು, ತೀರದಿದ್ದರೆ ಮಗ ಮುಂದುವರಿಸುವ ವ್ಯವಸ್ಥೆ ಅದು. 1936ರಲ್ಲಿ ನಿಜಾಮ ಸರಕಾರ ಅದನ್ನು ಹದ್ದುಬಸ್ತಿಗೆ ತರುವ ಕಾನೂನು ಮಾಡಿತು. ಆದರೆ ಕಾನೂನು ಇದೆಯೆಂದು ಜೀತದವನಿಗೆ ತಿಳಿಯುವುದು ಹೇಗೆ? ಅರ್ಜಿ ಬರೆಯುವವರು ಯಾರು? ಕೇರಿಯ ಉಪಾಧ್ಯಾಯರ ಬೆಲೆ ಗೊತ್ತಾಗುತ್ತಿದ್ದುದು ಇಂತಹ ಹೊತ್ತಿನಲ್ಲಿ.

ಎರಡನೆಯ ಕೆಲಸ ಔಷಧದ್ದು. ಹಳ್ಳಿಯ ಪೆಟ್ಟಿಗೆಯಲ್ಲಿ ಇದ್ದುದು ಚಳಿಜ್ವರಕ್ಕೆ ಕ್ವಿನೈನ್, ಹೊಟ್ಟೆಗೆ ಹರಳೆಣ್ಣೆ, ಕಣ್ಣಿಗೆ ಹನಿ, ಕಜ್ಜಿಗೆ ಮುಲಾಮು. ಮೆಟ್ಟಿಲ ಬಾವಿಯ ನೀರು ಕುಡಿಯುವ ದಖ್ಖನಿನ ಒಣಸೀಮೆಯಲ್ಲಿ ನಾರುಹುಣ್ಣು ಬಹಳವಾಗಿತ್ತು. ಕಾಲಿನ ಹುಣ್ಣಿನಿಂದ ಹೊರಬರುವ ಹುಳುವನ್ನು ಸಣ್ಣ ಕಡ್ಡಿಗೆ ಸುತ್ತಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಅವಸರಪಟ್ಟು ಹುಳು ತುಂಡಾದರೆ ಕಾಲೇ ಬಾತುಕೊಳ್ಳುತ್ತದೆ. ಒಬ್ಬ ರೋಗಿಗೆ ವಾರಗಟ್ಟಲೆ ದಿನವೂ ಹುಣ್ಣು ತೊಳೆದು ಬಟ್ಟೆ ಕಟ್ಟಬೇಕು. ಮುಟ್ಟಿಸಿಕೊಳ್ಳಬಾರದವರೆಂದು ಊರು ದೂರವಿಟ್ಟ ಮನುಷ್ಯನ ಕಾಲನ್ನು ಇನ್ನೊಬ್ಬರು ದಿನವೂ ಕೈಯಲ್ಲಿ ಹಿಡಿದು ತೊಳೆಯುವುದೆಂದರೆ ಅದರ ಅರ್ಥ ಪ್ರಸಂಗಕ್ಕಿಂತ ಬೇಗ ಮನಸ್ಸಿಗೆ ತಾಗುತ್ತದೆ. ಭಾರತದಿಂದ ಈ ರೋಗ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2000ನೇ ಇಸವಿಯಲ್ಲಿ. ಅಲ್ಲಿಗೆ ತಲಪಿಸಿದ್ದೂ ಬಹುಮಟ್ಟಿಗೆ ಸಣ್ಣ ಕೆಲಸಗಳೇ: ಬಟ್ಟೆಯಲ್ಲಿ ಸೋಸಿದ ನೀರು, ಮೆಟ್ಟಿಲಿಲ್ಲದ ಬಾವಿ, ಕೊಳವೆ ಬಾವಿ.

ಈ ಬಗೆಯ ಸೇವೆಯಲ್ಲಿ ಸ್ಮರಿಸಬೇಕಾದ ಹೆಸರು ಡಾ. ಕ್ಯಾಥರೀನಾ ಶೆಲೆನ್‌ಬರ್ಗ್ ಅವರದು. 1870ರಲ್ಲಿ ರಷ್ಯಾದಲ್ಲಿ ಹುಟ್ಟಿ, ಬಾಲ್ಯದಲ್ಲೇ ಕುಟುಂಬದೊಂದಿಗೆ ಅಮೆರಿಕಕ್ಕೆ ವಲಸೆ ಹೋಗಿ, ಹೆಂಗಸರು ವೈದ್ಯರಾಗುವುದೇ ಅಪರೂಪವಾಗಿದ್ದ ಕಾಲದಲ್ಲಿ ವೈದ್ಯಕೀಯ ಕಲಿತು, 1907ರಲ್ಲಿ ಭಾರತಕ್ಕೆ ಬಂದವರು ಅವರು. ನಾಗರಕರ್ನೂಲು, ಶಂಷಾಬಾದ್ ಮುಂತಾದ ಕಡೆ ದುಡಿದು 1945ರಲ್ಲಿ ಈ ನೆಲದಲ್ಲೇ ತೀರಿಕೊಂಡರು. ಇಂದು ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಷಾಬಾದ್ ಆಗ ಒಂದು ಹಳ್ಳಿ. ಜಡ್ಚರ್ಲದಲ್ಲಿ ಮಿಶನಿನ ದೊಡ್ಡ ಆಸ್ಪತ್ರೆ ಬಂದುದು 1950ರ ದಶಕದಲ್ಲಿ. ಅದಕ್ಕೆ ಮೊದಲಿನ ಅರ್ಧ ಶತಮಾನ ನಡೆದುದು ಔಷಧದ ಪೆಟ್ಟಿಗೆ ಮತ್ತು ಕಾಲ್ನಡಿಗೆಯ ಮೇಲೆ.

ಮೂರನೆಯದಾಗಿ ಬೈಬಲ್ ಸ್ತ್ರೀಯರು. ಹೆಚ್ಚಾಗಿ ವಿಧವೆಯರು, ಮಧ್ಯವಯಸ್ಸಿನವರು. ಮನೆಯ ಹೆಂಗಸರ ಜೊತೆ ಜಗಲಿಯಲ್ಲೋ ಒಲೆಯ ಬಳಿಯೋ ಕುಳಿತು ಸತ್ಯವೇದದ ಕತೆ ಹೇಳುವುದು, ಹಾಡು ಕಲಿಸುವುದು, ಬಾಣಂತಿಯ ಬಳಿ ರಾತ್ರಿ ಕೂರುವುದು ಇವರ ಕೆಲಸ. ವಾರ್ಷಿಕ ವರದಿಗಳಲ್ಲಿ ಇವರ ಸಂಖ್ಯೆ ಇರುತ್ತದೆ, ಹೆಸರು ವಿರಳ. ಆದರೆ ಪಾಲಮೂರು ಸೀಮೆಯಲ್ಲಿ ಹೆಣ್ಣುಮಗಳನ್ನು ಊರದೇವತೆಗೆ ಜೋಗಿನಿಯಾಗಿ ಬಿಡುವ ಪದ್ಧತಿ ಎಷ್ಟು ಬೇರೂರಿತ್ತೆಂಬುದನ್ನು ನೆನೆದರೆ ಇವರ ಕೆಲಸದ ತೂಕ ತಿಳಿಯುತ್ತದೆ. ಆ ಪದ್ಧತಿಯನ್ನು ನಿಷೇಧಿಸುವ ಆಂಧ್ರದ ಕಾನೂನು ಬಂದುದು 1988ರಲ್ಲಿ. ಅದಕ್ಕೆ ಎಷ್ಟೋ ದಶಕ ಮೊದಲೇ ಕೇರಿಯ ತಾಯಂದಿರ ಕಿವಿಯಲ್ಲಿ, ನಿನ್ನ ಮಗಳು ಶಾಲೆಗೆ ಹೋಗಬಹುದು ಎಂಬ ಮಾತು ಬಿದ್ದಿತ್ತು.

ಪಡೆದವರು ಕೊಡುವವರಾದಾಗ

ಹೀಗೆ ಸೇವೆ ಪಡೆಯುವ ಜನ ಸೇವೆ ಪಡೆಯುವವರಾಗಿಯೇ ಉಳಿದುಬಿಡುವ ಅಪಾಯವಿದೆ. ಮಿಶನ್ ಕಾಂಪೌಂಡು ತಾಯಿಯಂತೆ, ಕೇರಿಯ ಜನ ಮಕ್ಕಳಂತೆ ಎಂಬ ಭಾವನೆ ಎರಡೂ ಕಡೆ ಬೆಳೆಯಿತು. ಇದನ್ನು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ವಿ. ಎಸ್. ಅಜರಾಯ ಒಬ್ಬರು. ತಮಿಳುನಾಡಿನ ತಿರುನೆಲ್ವೇಲಿ ಸೀಮೆಯಿಂದ ನಿಜಾಮರ ರಾಜ್ಯದ ದೋರ್ನಕಲ್‌ಗೆ ಬಂದು ತೆಲುಗು ಕಲಿತು ದುಡಿದ ಇವರು 1912ರಲ್ಲಿ ಆಂಗ್ಲಿಕನ್ ಸಭೆಯ ಪ್ರಥಮ ಭಾರತೀಯ ಬಿಷಪರಾದರು. ಅದಕ್ಕೆ ಎರಡು ವರ್ಷ ಮೊದಲು ಎಡಿನ್‌ಬರೋ ಸಮ್ಮೇಳನದಲ್ಲಿ, ಮಿಶನರಿಗಳು ಭಾರತೀಯರಿಗಾಗಿ ಹಣ, ದೇಹ ಎಲ್ಲವನ್ನೂ ಕೊಟ್ಟಿರಬಹುದು, ಆದರೆ ಸ್ನೇಹ ಕೊಟ್ಟಿಲ್ಲ ಎಂಬರ್ಥದ ಮಾತನ್ನು ಅವರು ಅಲ್ಲಿ ಕೂಡಿದ್ದ ಬಿಳಿಯರ ಎದುರಿಗೇ ಆಡಿದರು. ದೋರ್ನಕಲ್‌ನಲ್ಲಿ ಅವರು ಬೆಳೆಸಿದ ಸಭೆಗಳಲ್ಲಿ ಹಿಡಿ ಅಕ್ಕಿಯ ಕಾಣಿಕೆ ರೂಢಿಗೆ ಬಂತು. ಅಡುಗೆಗೆ ಅಳೆಯುವಾಗ ಮನೆಯೊಡತಿ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕುವಳು. ಭಾನುವಾರ ಅದು ಸಭೆಗೆ ಹೋಗುವುದು. ಮಿಜೋರಾಮಿನ ಕ್ರೈಸ್ತರಲ್ಲಿ 1910ರಿಂದ ಇದೇ ರೂಢಿಯಿದೆ, ಅಲ್ಲಿನ ಸಭೆಗಳ ಆದಾಯದಲ್ಲಿ ಅದರ ಪಾಲು ದೊಡ್ಡದು.

ಒಂದು ಹಿಡಿಯಿಂದ ಏನಾಗುತ್ತದೆ ಎಂದು ಕೇಳಬಹುದು. ಅಂದಂದಿನ ಕೂಲಿಯಲ್ಲಿ ಅಂದಂದೇ ಉಣ್ಣುವ ಮನೆಯಲ್ಲಿ, ನಾವೂ ಕೊಡಬಲ್ಲೆವು ಎಂಬ ಅರಿವು ಆ ಹಿಡಿಯಿಂದ ಹುಟ್ಟುತ್ತದೆ. ಹಾಗೆ ಕೊಟ್ಟವರಿಗೆ, ಸಭೆ ಸಾಹೇಬರದ್ದಲ್ಲ, ನಮ್ಮದು ಎಂದು ಹೇಳುವ ಹಕ್ಕೂ ಹುಟ್ಟುತ್ತದೆ.

ಇದರ ಬೆಲೆ ತಿಳಿಯುವುದು ಹೊರಗಿನ ಹಣ ನಿಂತಾಗ. ಈ ಇತಿಹಾಸದಲ್ಲಿ ಹಾಗೆ ನಿಂತದ್ದು ಒಂದು ಸಲವಲ್ಲ. 1917ರ ಕ್ರಾಂತಿಯ ನಂತರ ರಷ್ಯಾದ ಮೆನೊನೈಟರಿಂದ ನಲ್ಗೊಂಡ ಸೀಮೆಗೆ ಬರುತ್ತಿದ್ದ ನೆರವು ಕಡಿದುಹೋಯಿತು. ಆ ಕ್ಷೇತ್ರ ಅಮೆರಿಕದ ಬ್ಯಾಪ್ಟಿಸ್ಟರ ಪಾಲಿಗೆ ಉಳಿಯಿತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಬ್ಯಾಪ್ಟಿಸ್ಟರ ಕೈಯೂ ಬಿಗಿಯಾಗಿ, ಪಾಲಮೂರು ಮತ್ತು ಗದ್ವಾಲ ಬೇರೆ ಮಿಶನಿಗೆ ಹೋದವು. 1958ರಲ್ಲಿ ಮೆನೊನೈಟ್ ಬ್ರದರನ್ ಸಭೆಗಳಿಗೆ ಭಾರತೀಯರ ಆಡಳಿತ ಮಂಡಲಿ ಬಂತು. 1970ರ ದಶಕದಲ್ಲಿ ವಿದೇಶೀ ಮಿಶನರಿಗಳು ಬಹುಮಟ್ಟಿಗೆ ತೆರಳಿದರು. ಪ್ರತಿ ಸಲವೂ ಮೊದಲು ನಲುಗಿದ್ದು ದೊಡ್ಡ ಸಂಸ್ಥೆಗಳು. ಆಸ್ಪತ್ರೆಗೆ ವೈದ್ಯರಿಲ್ಲ, ಹಾಸ್ಟೆಲಿಗೆ ಅನುದಾನವಿಲ್ಲ, ಕಾಂಪೌಂಡಿನ ಜಾಗಕ್ಕೆ ವ್ಯಾಜ್ಯ. ಹಳ್ಳಿಯಲ್ಲಿ ಜನ ತಾವೇ ಹಾಡಿಕೊಂಡು, ತಾವೇ ಕಾಣಿಕೆ ಎತ್ತಿಕೊಂಡು ನಡೆಸುತ್ತಿದ್ದ ಮಣ್ಣಿನ ಗೋಡೆಯ ಸಭೆಗಳಿಗೆ ಕಳೆದುಕೊಳ್ಳಲು ಅಷ್ಟಾಗಿ ಏನೂ ಇರಲಿಲ್ಲ. ಅವು ಉಳಿದುಕೊಂಡವು.

ಇದು ನಮ್ಮ ಕರಾವಳಿಯವರಿಗೆ ಪರಿಚಿತ ಪಾಠ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1841ರಲ್ಲಿ ಮುದ್ರಣಾಲಯ, ಅನಂತರ ನೇಯ್ಗೆ, 1865ರಲ್ಲಿ ಹಂಚಿನ ಕಾರ್ಖಾನೆ ಸ್ಥಾಪಿಸಿತು. ಜಾತಿಯಿಂದ, ಮನೆಯಿಂದ ಹೊರಬಿದ್ದವರಿಗೆ ಹೊಟ್ಟೆಪಾಡು ಒದಗಿಸುವುದು ಅದರ ಒಂದು ಮುಖ್ಯ ಕಾರಣ. 1914ರಲ್ಲಿ ಮಹಾಯುದ್ಧ ಬಂದಾಗ ಜರ್ಮನ್ ಪಾದ್ರಿಗಳು ಬಂಧಿತರಾದರು, ಕಾರ್ಖಾನೆಗಳು ಪರರ ಕೈಸೇರಿದವು. ಮಂಗಳೂರು, ಉಡುಪಿ, ಕಣ್ಣೂರು, ತಲಶ್ಶೇರಿಗಳ ಸಭೆಗಳು ಮಾತ್ರ ನಿಲ್ಲಲಿಲ್ಲ.

ಯಾವ ಭಾಷೆಯಲ್ಲಿ?

ಈಗ ನಮಗೆ ಹೆಚ್ಚು ಸಂಬಂಧಿಸಿದ ಪ್ರಶ್ನೆಗೆ ಬರೋಣ. ಒಂದು ಸಭೆ ಯಾವ ಭಾಷೆಯಲ್ಲಿ ಪ್ರಾರ್ಥಿಸಬೇಕೆಂದು ನಿರ್ಧರಿಸುವುದು ಮೊದಲ ಸೇವೆ ಬಂದ ಭಾಷೆ. ಪ್ರೊಟೆಸ್ಟಂಟ್ ಮಿಶನ್‌ಗಳು ಒಬ್ಬರ ಹೊಲದಲ್ಲಿ ಇನ್ನೊಬ್ಬರು ಬಿತ್ತಬಾರದೆಂದು ಕ್ಷೇತ್ರಗಳನ್ನು ಹಂಚಿಕೊಂಡಿದ್ದವು. ರಾಯಚೂರು, ಯಾದಗಿರಿ, ಬೀದರದ ಕಡೆ ಮೆಥೊಡಿಸ್ಟರು ಕನ್ನಡದಲ್ಲಿ ದುಡಿದರು. ಗದ್ವಾಲ, ಮಕ್ತಲ್, ನಾರಾಯಣಪೇಟೆಗಳು ತೆಲುಗು ಮಿಶನಿನ ಪಾಲಿಗೆ ಬಂದವು. ಕನ್ನಡದಲ್ಲಿ ಸತ್ಯವೇದ ಇರಲಿಲ್ಲವೆಂದೇನಲ್ಲ. ಗದ್ವಾಲದಿಂದ ಬಹಳ ದೂರವಲ್ಲದ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ಹೊತ್ತಿಗೇ ಇಡಿಯ ಸತ್ಯವೇದ ಕನ್ನಡಕ್ಕೆ ಬಂದಿತ್ತು. ಆದರೂ ಮಿಶನ್ ನಕ್ಷೆಯ ಗೆರೆಯ ಆಚೆಗಿದ್ದ ಕನ್ನಡದ ಮನೆಗೆ ಬಂದ ಉಪಾಧ್ಯಾಯನ ಕೈಯಲ್ಲಿದ್ದುದು ತೆಲುಗು ಪುಸ್ತಕ. ಆ ಮನೆಯ ಮಗು ಮೊದಲು ತಿದ್ದಿದ್ದು ತೆಲುಗು ಅಕ್ಷರ. 1956ರ ಗೆರೆ ಬರುವುದಕ್ಕೆ ದಶಕಗಳ ಮೊದಲೇ ಮಿಶನಿನ ಗೆರೆ ಅಲ್ಲಿ ಬಿದ್ದಿತ್ತು.

ಕರಾವಳಿಯ ಅನುಭವ ಸ್ವಲ್ಪ ಬೇರೆ. ಬಾಸೆಲ್ ಮಿಶನಿನವರು ತುಳುವರಿಗೆ ತುಳುವಿನಲ್ಲೇ ಹೊಸ ಒಡಂಬಡಿಕೆಯನ್ನು 1847ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿ ಕೊಟ್ಟರು. ತಲಶ್ಶೇರಿಯ ಹೆರ್ಮನ್ ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಫರ್ಡಿನೆಂಡ್ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನ ಒಂದೇ ಮುದ್ರಣಾಲಯದಿಂದ ಹೊರಬಂದವು. ಎರಡು ಭಾಷೆಗಳ ಈ ವಾರ್ಷಿಕವನ್ನು ಕೈಯಲ್ಲಿ ಹಿಡಿದಿರುವ ಓದುಗರಿಗೆ ಈ ಸಂಗತಿ ಸಂತೋಷ ಕೊಡದಿರದು. ಕನ್ನಡ ಮತ್ತು ಮಲಯಾಳ ಒಂದೇ ಅಚ್ಚುಮೊಳೆಯ ಮನೆಯಲ್ಲಿ ಜಗಳವಿಲ್ಲದೆ ಬಾಳಿದ ಕಾಲವೂ ಇತ್ತು.

ಭಾಷೆಯ ಗೆರೆಯಂತೆ ಜಾತಿಯ ಗೆರೆಯೂ ಸುಲಭವಾಗಿ ಅಳಿಯಲಿಲ್ಲ. ಹಲವು ಕಡೆ ಮಾಲರ ಸಭೆ ಬೇರೆ, ಮಾದಿಗರ ಸಭೆ ಬೇರೆಯಾಗಿ ಉಳಿಯಿತು. 1950ರ ರಾಷ್ಟ್ರಪತಿಗಳ ಆದೇಶದಂತೆ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಆಂಧ್ರದಲ್ಲಿ ಅವರನ್ನು ಹಿಂದುಳಿದ ವರ್ಗಗಳ 'ಸಿ' ಗುಂಪಿಗೆ ಸೇರಿಸಿ, ಶೇಕಡ 1ರ ಮೀಸಲಾತಿ ಕೊಡಲಾಯಿತು. ತೆಲಂಗಾಣದಲ್ಲೂ ಅದೇ ಮುಂದುವರಿದಿದೆ. ಕೇರಿ ಅದೇ, ಕೂಲಿ ಅದೇ, ಊರವರು ನೋಡುವ ದೃಷ್ಟಿಯೂ ಅದೇ. ಕಾಗದದಲ್ಲಿ ಮಾತ್ರ ಬದಲಾವಣೆ. ಈ ಕಾರಣಕ್ಕೆ ಸಭೆಯ ಪುಸ್ತಕದಲ್ಲಿ ಒಂದು ಗುರುತು, ಸರಕಾರಿ ಪುಸ್ತಕದಲ್ಲಿ ಇನ್ನೊಂದು ಗುರುತು ಇಟ್ಟುಕೊಂಡು ಬಾಳುವ ಮನೆಗಳು ಬಹಳ. ಎರಡು ಪುಸ್ತಕಗಳ ನಡುವೆ ಬಾಳುವ ಕಷ್ಟವನ್ನು ಗಡಿಯವರಾದ ನಾವು ಅವಸರದಿಂದ ತೀರ್ಪಿಗೆ ಗುರಿಮಾಡಬಾರದು.

ಯಾರು ಒಳಗಿನವರು, ಯಾರು ಹೊರಗಿನವರು ಎಂಬ ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಎತ್ತಿಕೊಂಡವರು ಇದೇ ಮಣ್ಣಿನವರೊಬ್ಬರು. ಪಾಲ್ ಹೀಬರ್ಟ್ 1932ರಲ್ಲಿ ಶಂಷಾಬಾದಿನ ಮಿಶನರಿ ಕುಟುಂಬದಲ್ಲಿ ಹುಟ್ಟಿ, ಮುಂದೆ ಮಾನವಶಾಸ್ತ್ರಜ್ಞರಾದರು. ಪಾಲಮೂರು ಜಿಲ್ಲೆಯ ಕೊಂಡೂರು ಎಂಬ ಹಳ್ಳಿಯನ್ನು ಕುರಿತ ಅವರ ಅಧ್ಯಯನಗ್ರಂಥ 1971ರಲ್ಲಿ ಬಂತು. 1978ರ ಒಂದು ಪ್ರಬಂಧದಲ್ಲಿ ಅವರು ಪಾಪಯ್ಯ ಎಂಬ ಅಕ್ಷರ ತಿಳಿಯದ ರೈತನನ್ನು ಮುಂದಿಟ್ಟುಕೊಂಡು ಕೇಳುತ್ತಾರೆ: ಸುವಾರ್ತೆಯನ್ನು ಒಂದೇ ಸಲ ಕೇಳಿದ ಈತ ಕ್ರೈಸ್ತನಾಗಬಲ್ಲನೇ? ಬೇಲಿ ಹಾಕಿ ಒಳಗೆ, ಹೊರಗೆ ಎಂದು ಎಣಿಸಿದರೆ ಉತ್ತರ ಸಿಗದು; ಆತನ ಮುಖ ಯಾವ ಕಡೆಗೆ ತಿರುಗಿದೆ ಎಂಬುದನ್ನು ನೋಡಬೇಕು ಎಂಬುದು ಅವರ ವಾದದ ಸಾರ. ನಕ್ಷೆಯ ಬೇಲಿಗಳಿಂದ ಬಳಲಿದವರಿಗೆ ಈ ಮಾತು ದೇವಶಾಸ್ತ್ರದ ಹೊರಗೂ ಅರ್ಥವಾಗುತ್ತದೆ.

ನಮ್ಮ ಕಡೆಗೆ ತಿರುಗಿ

ಸಣ್ಣ ಸೇವೆ ಒಂದು ಮತದ ಸೊತ್ತಲ್ಲ. ಕಾಸರಗೋಡು ತಾಲೂಕಿನ ಕುದ್ಮುಲಿನಲ್ಲಿ 1859ರಲ್ಲಿ ಹುಟ್ಟಿದ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಅವರ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಸ್ಥಾಪನೆಯಾಯಿತು. ಸ್ವಂತ ಜಾತಿಯವರ ಬಹಿಷ್ಕಾರವನ್ನು ನುಂಗಿಕೊಂಡು, ಮಕ್ಕಳಿಗೆ ಊಟ, ಕಸುಬಿನ ಶಿಕ್ಷಣ, ಮನೆಕಟ್ಟಲು ಜಾಗ ಹೀಗೆ ಒಂದೊಂದನ್ನೇ ಒದಗಿಸಿದರು. ಹೈದರಾಬಾದಿನಲ್ಲಿ ಭಾಗ್ಯರೆಡ್ಡಿ ವರ್ಮ ಅವರು ಆದಿಹಿಂದೂ ಚಳವಳಿಯ ಶಾಲೆಗಳನ್ನು 1910ರಿಂದ ತೆರೆದುದೂ ಇದೇ ದಾರಿಯಲ್ಲಿ. ಮತ ಬೇರೆ ಬೇರೆಯಾದರೂ ಮೂವರ ಆರಂಭವೂ ಒಂದೇ: ಕೇರಿಯಲ್ಲಿ ಒಂದು ದೀಪ, ಒಂದು ಹಲಗೆ.

ಗಡಿಯ ಕನ್ನಡಿಗರ ಹೋರಾಟದಲ್ಲಿ ನಾವು ಆಯೋಗಗಳ ವರದಿ, ಸರಕಾರದ ಆಜ್ಞೆ, ನ್ಯಾಯಾಲಯದ ತೀರ್ಪುಗಳನ್ನು ಎಣಿಸುತ್ತೇವೆ. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಕಲಿಕೆಯ ಕಾನೂನು ಬಂದಾಗ ನಾವು ಬೀದಿಗಿಳಿದೆವು. ಅದು ಬೇಕಾದುದೇ. ಆದರೆ ಕೃಷ್ಣಾ ತೀರದ ಆ ಸಭೆಗಳ ಇತಿಹಾಸ ಬೇರೊಂದು ಲೆಕ್ಕವನ್ನೂ ಕೇಳುತ್ತದೆ. ಪಂಚಾಯತು ಕಚೇರಿಯಿಂದ ಮಲಯಾಳದಲ್ಲಿ ಬಂದ ಕಾಗದವನ್ನು ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಓದಿ ಹೇಳುವವರು ನಮ್ಮ ಊರಿನಲ್ಲಿ ಯಾರಿದ್ದಾರೆ? ಪಿಂಚಣಿಯ ಅರ್ಜಿ ತುಂಬಿಸಿ ಕೊಡುವವರು ಯಾರು? ಕೊರಗರ, ಮೊಗೇರರ ಕಾಲನಿಗಳಲ್ಲಿ ಸಂಜೆ ಮಕ್ಕಳನ್ನು ಕೂಡಿಸಿ ಕನ್ನಡದ ಅಕ್ಷರ ತಿದ್ದಿಸುವವರು ಎಷ್ಟು ಮಂದಿ? ಆ ಮಕ್ಕಳ ಮೊದಲ ಅಕ್ಷರ ಯಾರ ಕೈಯಿಂದ ಬರುತ್ತದೆಯೋ, ನಾಳೆ ಅವರು ಬರೆಯುವ ಭಾಷೆಯೂ ಅದೇ ಆಗಿರುತ್ತದೆ. ಗದ್ವಾಲದ, ಮಕ್ತಲಿನ ಕೇರಿಗಳಲ್ಲಿ ಆಗಿಹೋದದ್ದು ಅದೇ.